ಕ್ರ್ಯಾಕ್ ಮಾಡಿದ ಸಾಫ್ಟ್‌ವೇರಿನಲ್ಲಿ ಹಾಡು ಕಟ್ಟುವಾಗ: ಷರತ್ತು ಹಾಕುವ ಹಕ್ಕು ಯಾರದ್ದು?

2016ರ ಮಾರ್ಚ್‌ನಲ್ಲಿ ಅಮೆರಿಕದ ರ್ಯಾಪರ್ ಕಾನ್ಯೆ ವೆಸ್ಟ್ ತಮ್ಮ ಕಂಪ್ಯೂಟರ್ ಪರದೆಯ ಚಿತ್ರವೊಂದನ್ನು ಟ್ವಿಟರಿಗೆ ಹಾಕಿದರು. ತಾವು ಕೇಳುತ್ತಿದ್ದ ಹಾಡು ಯಾವುದು ಅಂತ ತೋರಿಸುವುದಷ್ಟೇ ಅವರಿಗೆ ಬೇಕಿತ್ತು. ಜನ ನೋಡಿದ್ದು ಹಾಡನ್ನಲ್ಲ, ಬ್ರೌಸರಿನ ಮೇಲುಗಡೆಯ ಟ್ಯಾಬ್‌ಗಳನ್ನು. ಅಲ್ಲಿ ಕಳ್ಳ ಪ್ರತಿಗಳು ಸಿಗುವ ದಿ ಪೈರೇಟ್ ಬೇ ತಾಣ ತೆರೆದಿತ್ತು. ಹುಡುಕಾಟ ನಡೆದಿದ್ದದ್ದು ಸೀರಮ್ ಎಂಬ ಸಿಂಥಸೈಜರ್‌ಗಾಗಿ, ಅಂದರೆ ಕಂಪ್ಯೂಟರಿನಲ್ಲೇ ಧ್ವನಿ ಹುಟ್ಟಿಸುವ ಸಾಫ್ಟ್‌ವೇರಿಗಾಗಿ. ಆಗ ಅದರ ಬೆಲೆ 189 ಡಾಲರ್.

ಸೀರಮ್ ಮಾಡಿದ ಸ್ಟೀವ್ ಡ್ಯೂಡಾ ಅವರ ಹಳೆಯ ಒಡನಾಡಿ, ಸಂಗೀತಗಾರ ಡೆಡ್‌ಮೌಸ್ ಬಹಿರಂಗವಾಗಿಯೇ ಕಾನ್ಯೆಯ ಕಾಲೆಳೆದರು. ಇಷ್ಟು ದೊಡ್ಡ ಸ್ಟಾರ್‌ಗೆ ಇಷ್ಟು ಸಣ್ಣ ದುಡ್ಡಿಲ್ಲವಾ ಅಂತ ಜಗತ್ತೇ ನಕ್ಕಿತು.

ನಗುವುದು ಸುಲಭ. ಆದರೆ ಆ ನಗೆಯಲ್ಲಿ ಒಂದು ಊಹೆ ಅಡಗಿದೆ: ದುಡ್ಡಿದ್ದವನು ಕದ್ದರೆ ತಪ್ಪು, ಇಲ್ಲದವನು ಕದ್ದರೆ ಪರವಾಗಿಲ್ಲ. ಹುಬ್ಬಳ್ಳಿಯಲ್ಲೋ ದಾವಣಗೆರೆಯಲ್ಲೋ ಸೆಕೆಂಡ್ ಹ್ಯಾಂಡ್ ಲ್ಯಾಪ್‌ಟಾಪ್ ಇಟ್ಟುಕೊಂಡು ಬೀಟ್ ಮಾಡುವ ಹುಡುಗನಿಗೆ 189 ಡಾಲರ್ ಅಂದರೆ ಹದಿನಾರು ಸಾವಿರ ರೂಪಾಯಿಗೂ ಜಾಸ್ತಿ. ಅವನು ಕ್ರ್ಯಾಕ್ ಹಾಕಿಕೊಂಡರೆ ಯಾರೂ ನಗುವುದಿಲ್ಲ. ಬದಲಿಗೆ "ಎಲ್ಲರೂ ಮಾಡೋದೇ ಅಲ್ವಾ" ಅನ್ನುತ್ತಾರೆ. ಹಾಗಾದರೆ ಇದು ಬರೀ ಜೇಬಿನ ಪ್ರಶ್ನೆಯಾ? ನನಗೆ ಹಾಗನ್ನಿಸುವುದಿಲ್ಲ.

ಕ್ರ್ಯಾಕ್ ಅಂದರೆ ಏನು

ಈ ಲೋಕದ ಪರಿಚಯ ಇಲ್ಲದವರಿಗೆ ಎರಡು ಮಾತು. ಈಗ ಬಹುಪಾಲು ಹಾಡುಗಳು ಕಂಪ್ಯೂಟರಿನಲ್ಲಿ ತಯಾರಾಗುತ್ತವೆ. ಧ್ವನಿ ಮುದ್ರಿಸಿ, ಕತ್ತರಿಸಿ, ಜೋಡಿಸಿ, ಮಿಕ್ಸ್ ಮಾಡುವ ಮುಖ್ಯ ಸಾಫ್ಟ್‌ವೇರಿಗೆ ಡಿಎಡಬ್ಲ್ಯು ಅನ್ನುತ್ತಾರೆ. ಎಫ್ಎಲ್ ಸ್ಟುಡಿಯೋ, ಕ್ಯೂಬೇಸ್, ಏಬಲ್‌ಟನ್ ಲೈವ್, ರೀಪರ್ ಇವೆಲ್ಲ ಈ ಜಾತಿಯವು. ಅದರೊಳಗೆ ಕೂತು ಕೆಲಸ ಮಾಡುವ ಸಣ್ಣ ಸಾಫ್ಟ್‌ವೇರುಗಳೇ ಪ್ಲಗಿನ್. ಒಂದು ಪ್ಲಗಿನ್ ವಾದ್ಯದಂತೆ ನುಡಿಯುತ್ತದೆ, ಇನ್ನೊಂದು ಪ್ರತಿಧ್ವನಿ ಕೊಡುತ್ತದೆ, ಮತ್ತೊಂದು ಶ್ರುತಿ ತಿದ್ದುತ್ತದೆ. ಹೀಗೆ ಹಾಡು ತಯಾರಿಸುವ ಒಬ್ಬ ಸಾಮಾನ್ಯ ಪ್ರೊಡ್ಯೂಸರ್ ಹತ್ತಾರು ಪ್ಲಗಿನ್ ಬಳಸುತ್ತಾನೆ. ಎಲ್ಲಕ್ಕೂ ಬೆಲೆ ಕೂಡಿಸಿದರೆ ಲ್ಯಾಪ್‌ಟಾಪಿಗಿಂತ ಜಾಸ್ತಿಯಾಗಬಹುದು.

ದುಡ್ಡು ಕೊಟ್ಟಾಗ ಸಿಗುವುದು ಸಾಫ್ಟ್‌ವೇರಿನ ಒಡೆತನ ಅಲ್ಲ, ಬಳಸುವ ಪರವಾನಗಿ. ಅದು ಇದೆಯಾ ಅಂತ ಸಾಫ್ಟ್‌ವೇರ್ ತಾನೇ ನೋಡಿಕೊಳ್ಳುತ್ತದೆ. ಕೆಲವು ಸೀರಿಯಲ್ ನಂಬರ್ ಕೇಳುತ್ತವೆ, ಕೆಲವು ಇಂಟರ್‌ನೆಟ್ ಮೂಲಕ ವಿಚಾರಿಸುತ್ತವೆ, ಕೆಲವು ಯುಎಸ್‌ಬಿಗೆ ಸಿಕ್ಕಿಸುವ ಡಾಂಗಲ್ ಹುಡುಕುತ್ತವೆ. ಆ ವಿಚಾರಣೆಯನ್ನೇ ಕಿತ್ತುಹಾಕಿದ ಅಥವಾ ಅದಕ್ಕೆ ಸುಳ್ಳು ಉತ್ತರ ಕೊಡುವ ಪ್ರತಿಯೇ ಕ್ರ್ಯಾಕ್.

ಕಳ್ಳತನವೋ ಅಲ್ಲವೋ

ಇಲ್ಲೊಂದು ಹಳೆಯ ವಾದ ಇದೆ. ಸೈಕಲ್ ಕದ್ದರೆ ಒಡೆಯನಿಗೆ ಸೈಕಲ್ ಇರುವುದಿಲ್ಲ. ಸಾಫ್ಟ್‌ವೇರ್ ನಕಲು ಮಾಡಿದರೆ ಒಡೆಯನ ಪ್ರತಿ ಅಲ್ಲೇ ಇರುತ್ತದೆ. "ನಾನು ಹೇಗೂ ಕೊಳ್ಳುತ್ತಿರಲಿಲ್ಲ, ಅವರಿಗೆ ನಷ್ಟ ಎಲ್ಲಿ?" ಈ ವಾದದಲ್ಲಿ ನಿಜ ಇದೆ. ಪ್ರತಿ ಕ್ರ್ಯಾಕ್ ಡೌನ್‌ಲೋಡನ್ನೂ ಕಳೆದುಹೋದ ಮಾರಾಟ ಅಂತ ಲೆಕ್ಕ ಹಾಕುವ ಕಂಪನಿಗಳ ಅಂಕಿಗಳನ್ನು ನಾನಂತೂ ನಂಬುವುದಿಲ್ಲ.

ಆದರೆ ನಷ್ಟವಿಲ್ಲ ಅಂದ ಮಾತ್ರಕ್ಕೆ ವಿಷಯ ಮುಗಿಯಲಿಲ್ಲ. ಕಂಪನಿ ನಾಟಕದ ಟೆಂಟು ನೆನಪಿಸಿಕೊಳ್ಳಿ. ಹಿಂದಿನ ಸಾಲುಗಳು ಖಾಲಿ ಇವೆ. ಒಬ್ಬ ತಡಿಕೆ ಸರಿಸಿಕೊಂಡು ಒಳಗೆ ಬಂದು ಕೂರುತ್ತಾನೆ. ಯಾರ ಕುರ್ಚಿಯನ್ನೂ ಅವನು ಕಿತ್ತುಕೊಂಡಿಲ್ಲ. ನಟರು ಅವನಿಗಾಗಿ ಹೆಚ್ಚು ದುಡಿಯಲೂ ಇಲ್ಲ. ಆದರೂ ಏನೋ ತಪ್ಪಾಗಿದೆ ಅಂತ ನಮಗೆ ಗೊತ್ತಾಗುತ್ತದೆ. ಯಾರನ್ನು ಎಷ್ಟಕ್ಕೆ ಒಳಗೆ ಬಿಡಬೇಕು ಅನ್ನುವುದು ನಾಟಕ ಕಟ್ಟಿದವರ ತೀರ್ಮಾನ. ಮಕ್ಕಳಿಗೆ ಪುಕ್ಕಟೆ ಅಂತ ಅವರು ಹೇಳಬಹುದು, ಕೊನೆಯ ದಿನ ಎಲ್ಲರಿಗೂ ಅರ್ಧ ಬೆಲೆ ಅನ್ನಬಹುದು. ತಡಿಕೆ ಸರಿಸಿದವನು ಆ ತೀರ್ಮಾನವನ್ನು ತಾನೇ ತೆಗೆದುಕೊಂಡ.

ಕ್ರ್ಯಾಕ್ ವಿಷಯದಲ್ಲಿ ನನಗೆ ಮುಖ್ಯ ಅನಿಸುವುದು ಇದೇ. ಎಷ್ಟು ಡಾಲರ್ ಹೋಯಿತು ಅನ್ನುವುದಕ್ಕಿಂತ, ಮಾಡಿದವನ ಮಾತಿಗೆ ಬೆಲೆ ಇದೆಯಾ ಇಲ್ಲವಾ ಅನ್ನುವುದು.

ನಮ್ಮ ಕಾನೂನು ಇಲ್ಲಿ ಸ್ಪಷ್ಟವಾಗಿದೆ. 1957ರ ಕೃತಿಸ್ವಾಮ್ಯ ಕಾಯ್ದೆಯಲ್ಲಿ ಕಂಪ್ಯೂಟರ್ ಪ್ರೋಗ್ರಾಂ ಕೂಡ ಸಾಹಿತ್ಯ ಕೃತಿಯ ಲೆಕ್ಕಕ್ಕೇ ಬರುತ್ತದೆ. ಕಾದಂಬರಿಗೆ ಇರುವ ರಕ್ಷಣೆ ಸೀರಮ್‌ಗೂ ಇದೆ. ನಕಲಿ ಅಂತ ಗೊತ್ತಿದ್ದೂ ಬಳಸಿದರೆ 63ಬಿ ಕಲಮಿನ ಪ್ರಕಾರ ಕನಿಷ್ಠ 7 ದಿನದಿಂದ 3 ವರ್ಷದವರೆಗೆ ಜೈಲು, 50 ಸಾವಿರದಿಂದ 2 ಲಕ್ಷ ರೂಪಾಯಿವರೆಗೆ ದಂಡ. ಆದರೆ ಅದೇ ಕಲಮು ಇನ್ನೊಂದು ಮಾತನ್ನೂ ಹೇಳುತ್ತದೆ. ಲಾಭಕ್ಕೋ ವ್ಯಾಪಾರಕ್ಕೋ ಬಳಸಿಲ್ಲ ಅಂತಾದರೆ ನ್ಯಾಯಾಲಯ ಜೈಲು ಬಿಟ್ಟು ದಂಡವನ್ನಷ್ಟೇ ಹಾಕಬಹುದು, ಅದೂ 50 ಸಾವಿರದ ಒಳಗೆ. ಮನೆಯಲ್ಲಿ ಕಲಿಯುವ ಹುಡುಗನಿಗೂ ಸಿನಿಮಾ ಮಿಕ್ಸ್ ಮಾಡಿ ದುಡ್ಡೆಣಿಸುವ ಸ್ಟುಡಿಯೋಗೂ ವ್ಯತ್ಯಾಸ ಇದೆ ಅಂತ ಕಾನೂನಿಗೂ ಗೊತ್ತು. ಅದು ತಪ್ಪೇ ಅಲ್ಲ ಅಂತ ಮಾತ್ರ ಅದು ಎಲ್ಲೂ ಹೇಳುವುದಿಲ್ಲ.

ಒಬ್ಬೊಬ್ಬರದು ಒಂದೊಂದು ದಾರಿ

ಸಾಫ್ಟ್‌ವೇರ್ ಮಾಡುವವರು ಎಂದರೆ ಎಲ್ಲರೂ ಒಂದೇ ಥರದ ದುಡ್ಡುಬಾಕರು ಅನ್ನುವ ಭಾವನೆ ನಮ್ಮಲ್ಲಿದೆ. ಸ್ವಲ್ಪ ಹತ್ತಿರ ಹೋಗಿ ನೋಡಿದರೆ ಅವರ ಆಯ್ಕೆಗಳು ಎಷ್ಟು ಬೇರೆ ಬೇರೆ ಅಂತ ಕಾಣುತ್ತದೆ.

ನನಗೆ ತುಂಬ ಇಷ್ಟವಾದ ಕಥೆ ರೀಪರ್‌ನದ್ದು. ಅದನ್ನು ಬರೆದ ಜಸ್ಟಿನ್ ಫ್ರಾಂಕೆಲ್ 1997ರಲ್ಲಿ ಹಾಡು ಕೇಳುವ ಸಾಫ್ಟ್‌ವೇರ್ ವಿನ್ಆ್ಯಂಪ್ ಕೊಟ್ಟವರು. ನಮ್ಮ ಕಾಲದ ಎಂಪಿ3 ಕೇಳುಗರಿಗೆ ಆ ಹೆಸರು ಬಿಡಿಸಿ ಹೇಳಬೇಕಿಲ್ಲ. 1999ರಲ್ಲಿ ಎಒಎಲ್ ಎಂಬ ಇಂಟರ್‌ನೆಟ್ ಕಂಪನಿ ಅವರ ಕಂಪನಿಯನ್ನು ಕೊಂಡಿತು. ಮರುವರ್ಷ ಅದೇ ಎಒಎಲ್ ಒಳಗೆ ಕೂತು ಅವರು ನುಟೆಲ್ಲಾ ಎಂಬ ಫೈಲ್ ಹಂಚಿಕೆ ಸಾಫ್ಟ್‌ವೇರ್ ಬಿಡುಗಡೆ ಮಾಡಿದರು. ಮಾಲೀಕರಿಗೆ ಗಾಬರಿಯಾಗಿ ಮರುದಿನವೇ ತೆಗೆಸಿದರು. ಅಷ್ಟರಲ್ಲಿ ಅದು ಊರೆಲ್ಲ ಹರಡಿತ್ತು. ಹಾಡುಗಳನ್ನು ಪುಕ್ಕಟೆ ಹಂಚಿಕೊಳ್ಳುವ ದೊಡ್ಡ ಜಾಲಗಳಲ್ಲಿ ಅದೂ ಒಂದಾಯಿತು.

ಇಂಥ ಮನುಷ್ಯ ಆಮೇಲೆ ಮ್ಯೂಸಿಕ್ ಸಾಫ್ಟ್‌ವೇರ್ ಮಾರಲು ನಿಂತರು. ಹೇಗೆ ಅಂತೀರಿ? ರೀಪರ್‌ಗೆ ಬೀಗವೇ ಇಲ್ಲ. 60 ದಿನ ಪೂರ್ತಿ ಸಾಫ್ಟ್‌ವೇರ್ ಉಚಿತ. ಆಮೇಲೂ ನಿಲ್ಲುವುದಿಲ್ಲ. ತೆರೆದಾಗಲೆಲ್ಲ ಒಂದು ಕಿಟಕಿ ಬಂದು "ಇಷ್ಟು ದಿನ ಬಳಸಿದ್ದೀರಿ, ಪರವಾನಗಿ ಕೊಳ್ಳಿ" ಅಂತ ನೆನಪಿಸಿ ಕೆಲವು ಸೆಕೆಂಡು ಕಾಯಿಸುತ್ತದೆ, ಅಷ್ಟೇ. ಒಬ್ಬ ವ್ಯಕ್ತಿಗೆ ಬೆಲೆ 60 ಡಾಲರ್. ವರ್ಷಕ್ಕೆ 20 ಸಾವಿರ ಡಾಲರ್‌ಗಿಂತ ಜಾಸ್ತಿ ವ್ಯವಹಾರ ಇರುವವರಿಗೆ 225 ಡಾಲರ್. ಎರಡೂ ಒಂದೇ ಸಾಫ್ಟ್‌ವೇರ್. ನೀವು ಯಾವ ಗುಂಪು ಅಂತ ನೀವೇ ಹೇಳಬೇಕು, ಯಾರೂ ದಾಖಲೆ ಕೇಳುವುದಿಲ್ಲ.

ಫೈಲ್ ಕುಗ್ಗಿಸುವ ವಿನ್‌ರಾರ್ ಬಳಸಿದವರಿಗೆ ಆ ಕಿಟಕಿ ನೋಡಿ ನಗು ಬರಬಹುದು, ಅದರಲ್ಲೂ ಇಂಥದ್ದೇ ಕಿಟಕಿ. ಮುಚ್ಚಿ ಮುಂದೆ ಹೋಗುವ ಅಭ್ಯಾಸ ನಮಗೆಲ್ಲ ಇದೆ. ಆದರೆ 60 ದಿನದ ನಂತರ ದುಡ್ಡು ಕೊಡದೆ ರೀಪರ್ ಬಳಸುವುದೂ ಪರವಾನಗಿ ಮುರಿದಂತೆಯೇ. ಅಲ್ಲಿ ಒಡೆಯಲು ಬೀಗ ಇಲ್ಲ, ಮೋಸ ಮಾಡಿ ಗೆದ್ದೆ ಅನ್ನುವ ಖುಷಿಯೂ ಇಲ್ಲ. "ಇಷ್ಟೊಂದು ರಕ್ಷಣೆ ಹಾಕಿ ನಮ್ಮನ್ನು ಕಳ್ಳರಂತೆ ನೋಡುತ್ತಾರೆ" ಅಂತ ಬೇರೆ ಕಂಪನಿಗಳನ್ನು ಬೈಯುವವರು ರೀಪರ್ ಹತ್ತಿರ ಹೇಗೆ ನಡೆದುಕೊಳ್ಳುತ್ತಾರೆ ಅನ್ನುವುದು ಕುತೂಹಲದ ಪ್ರಶ್ನೆ.

ಬೆಲ್ಜಿಯಂನ ಇಮೇಜ್-ಲೈನ್ ಬೇರೆ ದಾರಿ ಹಿಡಿಯಿತು. 1997ರಲ್ಲಿ ಫ್ರೂಟಿಲೂಪ್ಸ್ ಅಂತ ಶುರುವಾದ ಅವರ ಸಾಫ್ಟ್‌ವೇರೇ ಇವತ್ತಿನ ಎಫ್ಎಲ್ ಸ್ಟುಡಿಯೋ. ಒಮ್ಮೆ ಕೊಂಡರೆ ಮುಂದಿನ ಎಲ್ಲ ಆವೃತ್ತಿಗಳೂ ಜೀವನಪರ್ಯಂತ ಉಚಿತ. ಕೊಳ್ಳದವರಿಗೂ ಟ್ರಯಲ್ ಇದೆ, ಅದಕ್ಕೆ ದಿನಗಳ ಮಿತಿ ಇಲ್ಲ. ಹಾಡು ಮಾಡಬಹುದು, ಎಕ್ಸ್‌ಪೋರ್ಟ್ ಮಾಡಬಹುದು, ಸೇವ್ ಕೂಡ ಮಾಡಬಹುದು. ಆದರೆ ಸೇವ್ ಮಾಡಿದ ಪ್ರಾಜೆಕ್ಟನ್ನು ಮತ್ತೆ ತೆರೆಯಬೇಕಾದರೆ ದುಡ್ಡು ಕೊಡಬೇಕು. ಒಂದೇ ಕೂರಿಕೆಯಲ್ಲಿ ಮುಗಿಸುವ ತಾಕತ್ತಿದ್ದರೆ ಮುಗಿಸಿ, ಎನ್ನುವ ಹಾಗೆ. ತುಸು ಕಿಲಾಡಿ ಷರತ್ತು, ಆದರೆ ಕಲಿಯುವವರಿಗೆ ಬೇಕಾದಷ್ಟು ಜಾಗ ಅದರಲ್ಲಿದೆ.

ವಲ್ಹಾಲಾ ಡಿಎಸ್‌ಪಿಯ ಶಾನ್ ಕಾಸ್ಟೆಲೋ ಪ್ರತಿಧ್ವನಿ ಕೊಡುವ ರಿವರ್ಬ್ ಪ್ಲಗಿನ್‌ಗಳನ್ನು 50 ಡಾಲರ್‌ಗೆ ಮಾರುತ್ತಾರೆ. ಹಬ್ಬ, ವರ್ಷಾಂತ್ಯ ಯಾವುದಕ್ಕೂ ರಿಯಾಯಿತಿ ಇಲ್ಲ. ಇವತ್ತು ಕೊಂಡವನಿಗೆ ನಾಳೆ ಬೆಲೆ ಇಳಿದು ಹೊಟ್ಟೆ ಉರಿಯುವ ಮಾತೇ ಇಲ್ಲ. ಅದೇ ಕಂಪನಿ 2020ರಲ್ಲಿ ಸೂಪರ್‌ಮ್ಯಾಸಿವ್ ಎಂಬ ದೊಡ್ಡ ರಿವರ್ಬನ್ನು ಎಲ್ಲರಿಗೂ ಪುಕ್ಕಟೆ ಕೊಟ್ಟಿತು. ಬ್ರಿಟನ್ನಿನ ಸ್ಪಿಟ್‌ಫೈರ್ ಆಡಿಯೋ ಅದೇ ವರ್ಷ ಬಿಬಿಸಿ ಸಿಂಫನಿ ಆರ್ಕೆಸ್ಟ್ರಾದ ಧ್ವನಿಗಳ ಸಣ್ಣ ಸಂಗ್ರಹವೊಂದನ್ನು ಹೊರತಂದಾಗ ಇನ್ನೂ ತಮಾಷೆಯ ಷರತ್ತು ಹಾಕಿತು: 49 ಡಾಲರ್ ಕೊಟ್ಟರೆ ಈಗಲೇ, ಒಂದು ಫಾರಂ ತುಂಬಿ 14 ದಿನ ಕಾದರೆ ಉಚಿತ. ದುಡ್ಡಿಲ್ಲದವನು ತಾಳ್ಮೆ ಕೊಡಲಿ ಅಂತ. ಅಂಥದ್ದನ್ನೂ ಟೊರೆಂಟಿನಿಂದ ಇಳಿಸಿಕೊಳ್ಳುವವನ ಬಗ್ಗೆ ಏನು ಹೇಳುವುದು?

ಆರ್ಡರ್ (Ardour) ಎಂಬ ಡಿಎಡಬ್ಲ್ಯು ಮತ್ತೊಂದು ತುದಿ. ಬರೆದವರು ಪಾಲ್ ಡೇವಿಸ್, ಅಮೆಜಾನ್ ಕಂಪನಿಯ ಮೊದಲ ಪ್ರೋಗ್ರಾಮರ್‌ಗಳಲ್ಲಿ ಒಬ್ಬರು. ಆರ್ಡರ್ ಮುಕ್ತ ತಂತ್ರಾಂಶ, ಅದರ ಮೂಲ ಕೋಡ್ ಯಾರು ಬೇಕಾದರೂ ಪಡೆಯಬಹುದು. ಅವರ ತಾಣದಿಂದ ಸಿದ್ಧ ಪ್ರತಿ ಬೇಕೆಂದರೆ ಮಾತ್ರ ಒಂದಿಷ್ಟು ದುಡ್ಡು ಕೇಳುತ್ತಾರೆ. ಹಾಗೆ ಪಡೆದ ಪ್ರತಿಯನ್ನು ಗೆಳೆಯನಿಗೆ ಕೊಟ್ಟರೆ ತಪ್ಪಲ್ಲ, ಪರವಾನಗಿಯೇ ಅದಕ್ಕೆ ಒಪ್ಪಿಗೆ ಕೊಟ್ಟಿದೆ. ಸೀರಮ್ ಹಂಚಿದರೆ ಅಪರಾಧ, ಆರ್ಡರ್ ಹಂಚಿದರೆ ಸಹಜ. ಮಾಡುವ ಕೆಲಸ ಎರಡೂ ಕಡೆ ಒಂದೇ, ಫೈಲ್ ನಕಲು. ಬೇರೆಯಾಗಿರುವುದು ಮಾಡಿದವರ ಒಪ್ಪಿಗೆ ಮಾತ್ರ.

ಕನ್ನಡದಲ್ಲಿ ಟೈಪ್ ಮಾಡಿದವರಿಗೆ ಇದು ಪರಿಚಿತ ವಿಷಯವೇ. ಶೇಷಾದ್ರಿವಾಸು ಅವರ 'ಬರಹ' 1998ರಲ್ಲಿ ಬಂತು, ಎಷ್ಟೋ ವರ್ಷ ಉಚಿತವಾಗಿ ಸಿಕ್ಕಿತು. ಮುಂದೆ ಬಂದ ಆವೃತ್ತಿಗಳಿಗೆ ಅವರು ಬೆಲೆ ಇಟ್ಟರು. ಮೊದಲನೆಯದನ್ನು ಖುಷಿಯಿಂದ ತೆಗೆದುಕೊಂಡವರು ಎರಡನೆಯದಕ್ಕೆ ಮುಖ ಸಿಂಡರಿಸಿದರೆ ಅದು ನ್ಯಾಯವಲ್ಲ.

ಏಟು ಬೀಳುವುದು ಯಾರಿಗೆ

"ದೊಡ್ಡ ಕಂಪನಿಗೆ ಏನಾಗುತ್ತದೆ ಬಿಡಿ" ಅನ್ನುತ್ತೇವೆ. ಮೊದಲನೆಯದಾಗಿ, ಪ್ಲಗಿನ್ ಲೋಕದಲ್ಲಿ ಎಷ್ಟೋ ಹೆಸರಾಂತ ಕಂಪನಿಗಳು ಒಬ್ಬರೋ ಇಬ್ಬರೋ ನಡೆಸುವಂಥವು. ಇನ್ನೊಂದು ವಿಷಯ ಇದಕ್ಕಿಂತ ಮುಖ್ಯ, ಆದರೆ ಅಷ್ಟಾಗಿ ಯಾರೂ ಮಾತಾಡುವುದಿಲ್ಲ.

2020ರಲ್ಲಿ ಮ್ಯಾಟ್ ಟೈಟೆಲ್ ಎಂಬವರು ವೈಟಲ್ ಎಂಬ ಸಿಂಥ್ (ಸಿಂಥಸೈಜರ್) ಬಿಟ್ಟರು. ಸೀರಮ್ ಥರದ್ದೇ ಕೆಲಸ ಮಾಡುತ್ತದೆ. ಮೂಲ ಸಿಂಥ್ ಪೂರ್ತಿ ಉಚಿತ. ಹೆಚ್ಚು ಪ್ರಿಸೆಟ್‌ಗಳು, ಅಂದರೆ ಮೊದಲೇ ಸಿದ್ಧ ಮಾಡಿಟ್ಟ ಧ್ವನಿಗಳು, ಬೇಕಾದವರು ದುಡ್ಡು ಕೊಡಬೇಕು. ಈಗ ಲೆಕ್ಕ ಹಾಕಿ. ದುಡ್ಡಿಲ್ಲದ ಹುಡುಗನ ಮುಂದೆ ನಿಜಕ್ಕೂ ಇರುವ ಆಯ್ಕೆ ದುಬಾರಿ ಸೀರಮ್ ಮತ್ತು ಉಚಿತ ವೈಟಲ್. ಸಹಜವಾಗಿ ವೈಟಲ್ ಗೆಲ್ಲಬೇಕು. ಆ ಹುಡುಗ ಅದರಲ್ಲೇ ಪಳಗಿ, ದುಡ್ಡು ಬಂದಾಗ ಒಂದಷ್ಟು ಪ್ರಿಸೆಟ್ ಕೊಳ್ಳಬಹುದು. ಕ್ರ್ಯಾಕ್ ಬಂದ ಕೂಡಲೇ ಸೀರಮ್ ಬೆಲೆಯೂ ಸೊನ್ನೆ. ಕಡಿಮೆ ಬೆಲೆ ಇಟ್ಟವನಿಗೆ, ಪುಕ್ಕಟೆ ಕೊಟ್ಟವನಿಗೆ ಇದ್ದ ಒಂದೇ ಅನುಕೂಲ ಹೋಯಿತು. ಹುಡುಗ ಎಲ್ಲರೂ ಹೆಸರು ಹೇಳುವ ಸೀರಮ್ಮನ್ನೇ ಕಲಿಯುತ್ತಾನೆ, ಗೆಳೆಯರಿಗೂ ಅದನ್ನೇ ಹೇಳುತ್ತಾನೆ. ದುಬಾರಿ ಸಾಫ್ಟ್‌ವೇರ್ ಕದಿಯುವವನು ಅದರ ಮಾಲೀಕನಿಗೆ ಕೊಡುವ ಏಟಿಗಿಂತ ಅಗ್ಗದ ಸಾಫ್ಟ್‌ವೇರ್ ಮಾಡುವವನಿಗೆ ಕೊಡುವ ಏಟು ದೊಡ್ಡದು. ಅವನನ್ನು ಈ ಹುಡುಗ ನೋಡೇ ಇರುವುದಿಲ್ಲ.

ಬೆಲೆ ದುಬಾರಿ ಅನ್ನುವ ದೂರು ಸುಳ್ಳಲ್ಲ. ಡಾಲರಿನಲ್ಲಿ ಇಟ್ಟ ಬೆಲೆ ಅಮೆರಿಕದಲ್ಲಿ ಒಂದೆರಡು ದಿನದ ಸಂಬಳ, ನಮ್ಮಲ್ಲಿ ಎಷ್ಟೋ ಜನರಿಗೆ ತಿಂಗಳದ್ದು. ಅದರ ಮೇಲೆ ಕಾರ್ಡಿನ ತಾಪತ್ರಯ. ರಿಸರ್ವ್ ಬ್ಯಾಂಕಿನ 2020ರ ನಿಯಮದ ಪ್ರಕಾರ ಹೊಸ ಕಾರ್ಡುಗಳಲ್ಲಿ ವಿದೇಶಿ ಪಾವತಿ ಮೊದಲು ಆಫ್ ಆಗಿಯೇ ಇರುತ್ತದೆ, ನಾವೇ ಆನ್ ಮಾಡಬೇಕು. ತಿಂಗಳು ತಿಂಗಳು ತಾನಾಗಿ ದುಡ್ಡು ಕತ್ತರಿಸುವ ವ್ಯವಸ್ಥೆಗೂ 2021ರ ಅಕ್ಟೋಬರಿನಿಂದ ಬಿಗಿ ನಿಯಮ ಬಂತು. ಆದ್ದರಿಂದ ಕಂತಿನ ಯೋಜನೆಗಳೂ ಇಲ್ಲಿ ಸಲೀಸಾಗಿ ನಡೆಯುವುದಿಲ್ಲ. ಸೀರಮ್ಮನ್ನು 2016ರಿಂದಲೇ ತಿಂಗಳಿಗೆ 9.99 ಡಾಲರ್ ಕಂತಿನಲ್ಲಿ ಕೊಳ್ಳುವ ಅವಕಾಶ ಇತ್ತು. ಕಂತು ಮುಗಿದರೆ ನಿಮ್ಮದೇ, ನಡುವೆ ಕೈ ಖಾಲಿಯಾದರೆ ನಿಲ್ಲಿಸಿ ಮತ್ತೆ ಶುರು ಮಾಡಬಹುದು. ಕಾನ್ಯೆಯ ಜೇಬಿಗಂತೂ ಅದು ಭಾರವಾಗುತ್ತಿರಲಿಲ್ಲ.

ಹಾಡು ಕಟ್ಟಲು ಆ ನಿರ್ದಿಷ್ಟ ಸಾಫ್ಟ್‌ವೇರೇ ಬೇಕು ಅನ್ನುವುದನ್ನು ಮಾತ್ರ ನಾನು ಒಪ್ಪುವುದಿಲ್ಲ. ಔಷಧಿಯ ವಿಷಯವಾದರೆ ಬೇರೆ ಮಾತು. ಇಲ್ಲಿ ಪುಕ್ಕಟೆ ಸಿಗುವ ಸಾಮಾನಿನಲ್ಲೇ ಒಂದು ಆಲ್ಬಂ ಮುಗಿಸಬಹುದು.

ಕಂಪನಿಯೇ ತಪ್ಪು ಮಾಡಿದಾಗ

ಮಾಡಿದವರ ಆಯ್ಕೆಗೆ ಗೌರವ ಕೊಡುವುದು ಅಂದರೆ ಅವರು ಮಾಡಿದ್ದೆಲ್ಲ ಸರಿ ಅನ್ನುವುದಲ್ಲ. 2023ರ ಮಾರ್ಚ್‌ನಲ್ಲಿ ವೇವ್ಸ್ ಕಂಪನಿ ಇದ್ದಕ್ಕಿದ್ದಂತೆ ಪ್ಲಗಿನ್‌ಗಳನ್ನು ಮಾರುವುದನ್ನೇ ನಿಲ್ಲಿಸಿ, ಇನ್ನು ಮುಂದೆ ಬರೀ ಚಂದಾ ಅಂದಿತು. ಬಳಕೆದಾರರು ರೊಚ್ಚಿಗೆದ್ದರು. ಬೈದರು, ಬೇರೆ ಕಂಪನಿಗಳ ಹೆಸರು ಹಂಚಿಕೊಂಡರು. ಕೆಲವೇ ದಿನಗಳಲ್ಲಿ ಕಂಪನಿ ಹಿಂದೆ ಸರಿದು ಮಾರಾಟ ಮತ್ತೆ ಶುರು ಮಾಡಿತು. ಅಲ್ಲಿ ಕೆಲಸ ಮಾಡಿದ್ದು ಎದ್ದುಹೋಗುವ ಬೆದರಿಕೆ. ಕ್ರ್ಯಾಕ್ ಬಳಸುವವನಿಗೆ ಆ ಬೆದರಿಕೆ ಹಾಕಲು ಆಗುವುದಿಲ್ಲ, ಅವನು ಗಿರಾಕಿಯೇ ಅಲ್ಲ.

ಸೋನಾರ್ ಎಂಬ ಡಿಎಡಬ್ಲ್ಯು ಬಳಸಿದವರ ಕಥೆ ಇನ್ನೂ ಕಹಿ. 2016ರಲ್ಲಿ ಅದನ್ನು ಮಾಡುವ ಕೇಕ್‌ವಾಕ್ ಕಂಪನಿ "ಜೀವನಪರ್ಯಂತ ಅಪ್‌ಡೇಟ್" ಅಂತ ಮಾರಿತು. 2017ರ ನವೆಂಬರಿನಲ್ಲಿ ಅದರ ಮಾಲೀಕ ಗಿಬ್ಸನ್ ಕಂಪನಿ ಅಂಗಡಿಯನ್ನೇ ಮುಚ್ಚಿತು. ಜೀವನ ಎರಡು ವರ್ಷವೂ ಬಾಳಲಿಲ್ಲ. ಮುಂದಿನ ವರ್ಷ ಬ್ಯಾಂಡ್‌ಲ್ಯಾಬ್ ಅದನ್ನು ಕೊಂಡು ಎಲ್ಲರಿಗೂ ಉಚಿತ ಮಾಡಿತು. ದುಡ್ಡು ಕೊಟ್ಟವರ ಮುಖ ಹೇಗಾಗಿರಬೇಡ!

ಡಾಂಗಲ್‌ನದ್ದೂ ಹೀಗೇ. ಕ್ಯೂಬೇಸ್ ಕೊಂಡವರು ವರ್ಷಗಟ್ಟಲೆ ಒಂದು ಯುಎಸ್‌ಬಿ ಕಡ್ಡಿಯನ್ನು ಕಾಯಬೇಕಿತ್ತು. ಕಳೆದರೆ, ಮುರಿದರೆ ಫಜೀತಿ. ಕ್ರ್ಯಾಕ್ ಸಿಕ್ಕವನಿಗೆ ಆ ತಲೆನೋವೇ ಇಲ್ಲ. 2022ರ ಕ್ಯೂಬೇಸ್ 12ರಿಂದ ಅದನ್ನು ಮಾಡುವ ಸ್ಟೈನ್‌ಬರ್ಗ್ ಕಂಪನಿ ಡಾಂಗಲ್ ಕೈಬಿಟ್ಟಿತು. ಇಲ್ಲಿ ನನ್ನ ಅಭಿಪ್ರಾಯ ಸ್ವಲ್ಪ ಬೇರೆ. ದುಡ್ಡು ಕೊಟ್ಟು ಕೊಂಡವನು, ಸತ್ತ ಡಾಂಗಲ್‌ನಿಂದಾಗಿ ತನ್ನದೇ ಹಳೆಯ ಪ್ರಾಜೆಕ್ಟ್ ತೆರೆಯಲಾಗದೆ ಬೀಗ ಮುರಿದರೆ ಅವನನ್ನು ನಾನು ಕಳ್ಳರ ಸಾಲಿಗೆ ಸೇರಿಸುವುದಿಲ್ಲ. ನಮ್ಮ ಕಾಯ್ದೆಯ 65ಎ ಕಲಮು ಕೂಡ ಬೀಗ ಮುರಿದದ್ದನ್ನಷ್ಟೇ ನೋಡುವುದಿಲ್ಲ, ಹಕ್ಕು ಉಲ್ಲಂಘಿಸುವ ಉದ್ದೇಶ ಇತ್ತಾ ಅಂತ ಕೇಳುತ್ತದೆ.

ಪುಕ್ಕಟೆ ಸಾಮಾನಿನ ಒಳಗೆ

ನೀತಿಯ ಮಾತು ಬೇಡ ಅನ್ನುವವರಿಗೆ ಒಂದು ಲೌಕಿಕ ವಿಷಯ. 2019ರಲ್ಲಿ ಕಂಪ್ಯೂಟರ್ ಭದ್ರತೆಯ ಈಸೆಟ್ ಸಂಸ್ಥೆ ಲೌಡ್‌ಮೈನರ್ ಎಂಬ ಕಿಡಿಗೇಡಿ ಪ್ರೋಗ್ರಾಂ ಪತ್ತೆ ಮಾಡಿತು. 137 ಕ್ರ್ಯಾಕ್ ಮಾಡಿದ ಸಂಗೀತ ಸಾಫ್ಟ್‌ವೇರುಗಳ ಜತೆ ಅದನ್ನು ಹಂಚಲಾಗುತ್ತಿತ್ತು. ಅದು ನಿಮ್ಮ ಕಂಪ್ಯೂಟರಿನೊಳಗೆ ಗುಟ್ಟಾಗಿ ಇನ್ನೊಂದು ವರ್ಚುವಲ್ ಲಿನಕ್ಸ್ ಕಂಪ್ಯೂಟರ್ ಓಡಿಸಿ, ಬೇರೆ ಯಾರಿಗೋ ಕ್ರಿಪ್ಟೋ ದುಡ್ಡು ಗಣಿ ಮಾಡುತ್ತಿತ್ತು. ಸಂಗೀತದವರನ್ನೇ ಆರಿಸಿಕೊಂಡದ್ದಕ್ಕೆ ಕಾರಣ ಇದೆ. ಅವರ ಕಂಪ್ಯೂಟರುಗಳು ಶಕ್ತಿಶಾಲಿ, ಫ್ಯಾನ್ ಜೋರಾಗಿ ತಿರುಗಿದರೂ "ಪ್ಲಗಿನ್ ಜಾಸ್ತಿ ಆಯ್ತು" ಅಂದುಕೊಂಡು ಸುಮ್ನಿರುತ್ತಾರೆ. ಮರುವರ್ಷ ಮ್ಯಾಕ್ ಬಳಕೆದಾರರ ಫೈಲುಗಳನ್ನು ಒತ್ತೆ ಇಟ್ಟುಕೊಂಡ ಥೀಫ್‌ಕ್ವೆಸ್ಟ್ ಎಂಬ ಇನ್ನೊಂದು ಕಿಡಿಗೇಡಿ ಪ್ರೋಗ್ರಾಂ ಹರಡಿದ್ದೂ ಏಬಲ್‌ಟನ್, ಮಿಕ್ಸ್ಡ್ ಇನ್ ಕೀಯಂಥ ಸಾಫ್ಟ್‌ವೇರುಗಳ ಕಳ್ಳ ಪ್ರತಿಗಳ ಮೂಲಕ.

ಮಾರಾಟ ನಿಂತ ಮೇಲೆ

ಉಳಿದದ್ದು ನಿಜಕ್ಕೂ ಕಷ್ಟದ ಪ್ರಶ್ನೆ. ಮಾಡಿದ ಕಂಪನಿ ಮುಚ್ಚಿದೆ, ಸಾಫ್ಟ್‌ವೇರನ್ನು ಯಾರೂ ಮಾರುತ್ತಿಲ್ಲ, ಕೊಳ್ಳುತ್ತೇನೆ ಅಂದರೂ ಸಿಗುವುದಿಲ್ಲ. ಕಾನೂನಿನ ಪ್ರಕಾರ ಹಕ್ಕು ಇನ್ನೂ ಯಾರದ್ದೋ. ಕೇಳಲು ಮಾತ್ರ ಯಾರೂ ಇಲ್ಲ. ಅಂಥ ಹಳೆಯ ಪ್ಲಗಿನ್ ಬಳಸುವವನನ್ನು ನಾನು ಗದರುವುದಿಲ್ಲ, ಹೊಗಳುವುದೂ ಇಲ್ಲ. ಹಕ್ಕುದಾರರು ಎಲ್ಲಿದ್ದಾರೆ ಅಂತ ಒಮ್ಮೆ ಹುಡುಕಿ ನೋಡುವುದು ಅವನ ಕೆಲಸ. ಮುಚ್ಚುವ ಮೊದಲು ಒಂದು ಮಾತು ಹೇಳಿ ಹೋಗುವುದು ಮಾಡಿದವರ ಕೆಲಸ.

ಹಾಗೆ ಹೇಳಿದವರೂ ಇದ್ದಾರೆ. ವೆಂಬರ್ ಆಡಿಯೋ ಹೆಸರಿನಲ್ಲಿ ಸರ್ಜ್ ಎಂಬ ಸಿಂಥ್ ಮಾರುತ್ತಿದ್ದ ಕ್ಲಾಸ್ ಯೊಹಾನ್ಸನ್ ಅದನ್ನು ಮುಂದುವರಿಸಲು ಆಗದಿದ್ದಾಗ, 2018ರಲ್ಲಿ ಮೂಲ ಕೋಡ್ ಸಮೇತ ಸಾರ್ವಜನಿಕರಿಗೆ ಬಿಟ್ಟುಕೊಟ್ಟರು. ಪರಿಚಯವಿಲ್ಲದ ಪ್ರೋಗ್ರಾಮರ್‌ಗಳು ಸೇರಿ ಅದನ್ನು ರಿಪೇರಿ ಮಾಡಿ, ಬೆಳೆಸಿ, ಸರ್ಜ್ ಎಕ್ಸ್‌ಟಿ ಅಂತ ಹೊಸ ಹೆಸರಿಟ್ಟರು. ಇವತ್ತು ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರಕ್ಕೂ ಅದು ಉಚಿತವಾಗಿ ಸಿಗುತ್ತದೆ, ಸೀರಿಯಲ್ ನಂಬರ್ ಕೇಳುವುದಿಲ್ಲ.